ಅಪ್ಪನ ಕೈಯ ಬೆಳ್ಳಿ ಬಣ್ಣ

ನವೆಂಬರ್ 6

ಮಗಳಿಗೆ,

ಅಕ್ಷರ ನಿನ್ನ ತಮ್ಮನ ಹೆಂಡತಿಯದು, ಮಾತು ನನ್ನದು. ನನ್ನ ಬೆರಳಿಗೆಲ್ಲ ಥಿನ್ನರ್ ಮೆತ್ತಿಕೊಂಡಿದೆ, ಮುಟ್ಟಿದ ಕಾಗದ ಹಾಳಾಗುತ್ತದೆ. ಅದಕ್ಕೆ ಅವಳನ್ನು ಕೂರಿಸಿಕೊಂಡು ಹೇಳಿ ಬರೆಸುತ್ತಿದ್ದೇನೆ. ಫೋನಿನಲ್ಲಿ ನೀನು ಹೇಳುವುದು ನನಗೆ ಕೇಳುವುದಿಲ್ಲ. ಜೀವಮಾನವೆಲ್ಲ ಕಂಪ್ರೆಸರ್ ಪಕ್ಕದಲ್ಲಿ ನಿಂತವನ ಕಿವಿ ಇದು. ನೀನು ಕಿರುಚುವುದು, ನಾನು ‘ಆಂ? ಆಂ?’ ಅನ್ನುವುದು, ಕೊನೆಗೆ ಇಬ್ಬರೂ ಸಿಟ್ಟು ಮಾಡಿಕೊಂಡು ಇಡುವುದು. ಕಾಗದವೇ ವಾಸಿ.

ವಿಷಯ ಇಷ್ಟು. ಗ್ಯಾರೇಜಿನಲ್ಲಿ ಬಣ್ಣ ಹೊಡೆಯುವ ಕೆಲಸ ಬಿಟ್ಟ ಮೇಲೆ ಹೊತ್ತು ಹೋಗುವುದಿಲ್ಲ. ನಮ್ಮ ಕಾರಿನ ಚಕ್ರಗಳ ಗತಿ ನೀನೇ ನೋಡಿದ್ದೀಯಲ್ಲ. ನಿನ್ನ ತಮ್ಮ ಫುಟ್‌ಪಾತಿಗೆ ಉಜ್ಜದೆ ಗಾಡಿ ನಿಲ್ಲಿಸಿದವನೇ ಅಲ್ಲ. ಅಂಚೆಲ್ಲ ಇಲಿ ಕಡಿದ ಸೋಪಿನ ಹಾಗಾಗಿದೆ. ಹೊಸ ವರ್ಷದಲ್ಲಿ ಸೊಸೆ ಒಂದು ಹೋಟೆಲಿನ ಲಾಂಡ್ರಿ ನೋಡಿಕೊಳ್ಳುವ ಕೆಲಸಕ್ಕೆ ಸೇರುತ್ತಾಳೆ, ಕಾರು ಅವಳೇ ಓಡಿಸುವುದು. ಅಷ್ಟರೊಳಗೆ ನಾಲ್ಕೂ ಚಕ್ರಕ್ಕೆ ಬೆಳ್ಳಿ ಬಣ್ಣ ಹೊಡೆದುಬಿಡೋಣ ಅಂತ. ಒಂದೊಂದೇ ಬಿಚ್ಚುವುದು, ಅದರ ಜಾಗಕ್ಕೆ ಸ್ಟೆಪ್ನಿ ಹಾಕುವುದು. ಹೀಗೆ ಮಾಡಿದರೆ ಗಾಡಿ ಮನೆಯಲ್ಲಿ ನಿಲ್ಲುವುದಿಲ್ಲ.

ತೊಂದರೆ ಹವೆಯದು. ಈ ಸಲ ಬೇಗ ತಣ್ಣಗಾಗಿದೆ. ಚಕ್ರ ತಣ್ಣಗಿದ್ದರೆ ಬಣ್ಣ ಹಿಡಿಯುವುದಿಲ್ಲ, ಹಿಡಿದರೂ ಒಣಗುವುದಿಲ್ಲ, ಗಾಳಿಯ ತೇವ ಒಳಗೆ ಸಿಕ್ಕಿಕೊಂಡು ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ಬಣ್ಣ ಹೊಡೆಯುವುದು ಹಿತ್ತಲಿನ ಶೆಡ್ಡಿನಲ್ಲೇ. ಆದರೆ ಹೊಡೆಯುವ ಮೊದಲು ಚಕ್ರ ಬೆಚ್ಚಗಾಗಬೇಕು, ವಾಸನೆ ಹೋದ ಮೇಲೆ ಮತ್ತೆ ಬೆಚ್ಚಗಿರುವ ಕಡೆಯೇ ಆರಬೇಕು. ಮನೆಯಲ್ಲಿ ಬೆಚ್ಚಗಿರುವುದು ನಿನ್ನ ಕೋಣೆ ಒಂದೇ. ಒಂದು ಕಡೆ ಅಡುಗೆಮನೆಯ ಗೋಡೆ, ಇನ್ನೊಂದು ಕಡೆ ಮಧ್ಯಾಹ್ನದ ಬಿಸಿಲು. ನಿನ್ನ ಮಂಚ ಎತ್ತಿ ಗೋಡೆಗೆ ಒರಗಿಸಿದ್ದೇವೆ. ಈಗ ಮೇಜಿನ ಮೇಲೆ ಚಕ್ರ ಮಲಗಿದೆ. ಬೇಜಾರು ಮಾಡಿಕೊಳ್ಳಬೇಡ, ನೀನು ಹೇಗೂ ವರ್ಷಕ್ಕೊಮ್ಮೆ ಬರುವವಳು.

ಸೊಸೆ ನನ್ನ ಜೊತೆ ಕೈ ಹಾಕಿದ್ದಾಳೆ. ನಿನ್ನ ಹಲ್ಲಿನ ಕೆಲಸ ಹೇಗಿದೆ?

ನಿನ್ನ ಅಪ್ಪ

~

ನವೆಂಬರ್ 15

ಅಪ್ಪನಿಗೆ,

ಕಾಗದ ತಲುಪಿತು. ಲಕೋಟೆಯ ಮೇಲಿನ ಅಕ್ಷರ ನೋಡಿ ಬೇರೆ ಯಾರದೋ ಅಂದುಕೊಂಡು ಸಂಜೆಯವರೆಗೆ ಒಡೆಯಲಿಲ್ಲ. ಅವಳ ಅಕ್ಷರ ಚೆನ್ನಾಗಿದೆ. ಸಾಲುಗಳು ಒಂದಿಷ್ಟೂ ಮೇಲೆ ಕೆಳಗೆ ಹೋಗುವುದಿಲ್ಲ. ನಿಮ್ಮ ಸಾಲುಗಳು ಯಾವಾಗಲೂ ಕೊನೆಗೆ ಬರುತ್ತ ಮೇಲೇರುತ್ತಿದ್ದವು. ನನಗೆ ಅದೇ ಅಭ್ಯಾಸ.

ಕೋಣೆಯ ಬಗ್ಗೆ ಬೇಜಾರಿಲ್ಲ. ನಾನಿಲ್ಲದ ಕೋಣೆಯಲ್ಲಿ ಯಾರಾದರೂ ಮಲಗಬೇಕಲ್ಲ, ಚಕ್ರ ಮಲಗಲಿ. ಮೇಜಿನ ಗಾಜಿನ ಕೆಳಗೆ ಅಮ್ಮನ ಫೋಟೋ ಇದೆ, ಅದನ್ನು ತೆಗೆದಿಟ್ಟಿರಬಹುದು ಅಂದುಕೊಂಡಿದ್ದೇನೆ.

ನನಗೆ ತಿಳಿಯದ್ದು ಒಂದೇ. ಸೊಸೆ ‘ಕೈ ಹಾಕಿದ್ದಾಳೆ’ ಅಂದರೆ ಏನು? ಉಜ್ಜಿ ಕೊಡುತ್ತಾಳೆಯೋ, ಟಿನ್ನು ಎತ್ತಿ ಕೊಡುತ್ತಾಳೆಯೋ, ಶೆಡ್ಡಿನ ಒಳಗೇ ಬರುತ್ತಾಳೆಯೋ? ಕೇಳುವುದಕ್ಕೆ ಕಾರಣವಿದೆ. ಭಾನುವಾರ ನೀವು ಮನೆಯಲ್ಲಿ ಹೊರಗಿನವರ ಕೆಲಸ ಮಾಡುತ್ತಿದ್ದ ದಿನಗಳಲ್ಲಿ ನಾನು ಆ ಬಾಗಿಲು ದಾಟಿದವಳಲ್ಲ. ‘ಈ ಹೊಗೆ ನಿನ್ನ ಎದೆಗೆ ಒಳ್ಳೇದಲ್ಲ, ಆಚೆ ಹೋಗು’ ಅನ್ನುತ್ತಿದ್ದಿರಿ. ತಮ್ಮನನ್ನು ಕರೆಯುತ್ತಿದ್ದಿರಿ. ಅವನ ಎದೆ ಯಾವುದರಿಂದ ಮಾಡಿದ್ದೋ ಗೊತ್ತಿಲ್ಲ. ಅವನು ಬಣ್ಣ ಹೊಡೆಯುವ ಗನ್ ಹಿಡಿದು ಆಕಳಿಸುತ್ತಿದ್ದ. ನಾನು ಕಿಟಕಿಯ ಹೊರಗೆ ಬಕೆಟ್ ಬೋರಲು ಹಾಕಿ ಹತ್ತಿ ನಿಂತು ನೋಡುತ್ತಿದ್ದೆ. ನಿಮ್ಮ ಗನ್ನು ವಸ್ತುವಿನ ಆಚೆ ಗಾಳಿಯಲ್ಲಿ ಶುರುವಾಗುತ್ತಿತ್ತು, ವಸ್ತುವನ್ನು ದಾಟಿಕೊಂಡು ಹೋಗಿ ಮತ್ತೆ ಗಾಳಿಯಲ್ಲೇ ನಿಲ್ಲುತ್ತಿತ್ತು. ವಸ್ತುವಿನ ಮೇಲೆ ಎಂದೂ ನಿಲ್ಲುತ್ತಿರಲಿಲ್ಲ. ಬೇರೆ ಮಕ್ಕಳು ಅಪ್ಪನ ನಡಿಗೆ ನೋಡಿ ಅಪ್ಪ ಎಂದು ಗುರುತು ಹಿಡಿಯುತ್ತಾರೆ. ನಾನು ಅದನ್ನು ನೋಡಿ ಹಿಡಿಯುತ್ತಿದ್ದೆ.

ಈಗ ನಾನು ದಿನವಿಡೀ ಪಿಂಗಾಣಿ ಹಲ್ಲಿಗೆ ಕೂದಲೆಳೆಯ ಬ್ರಷ್ಷಿನಿಂದ ಬಣ್ಣ ಕೂರಿಸಿ ಒಲೆಗೆ ಇಡುತ್ತೇನೆ. ಹಲ್ಲು ಕಟ್ಟುವ ನಮ್ಮ ಪ್ರಯೋಗಾಲಯದಲ್ಲಿ ನಾನು ಮಾಡಿದ ಹಲ್ಲು ಯಾವುದೆಂದು ನೋಡಿದ ತಕ್ಷಣ ಹೇಳುತ್ತಾರೆ. ಇದನ್ನು ನಿಮಗೆ ಹೇಳಿದ್ದೆನೋ ಇಲ್ಲವೋ.

ಮುಂದಿನ ಕಾಗದ ನೀವೇ ಬರೆಯಿರಿ. ಬೆರಳಿನ ಕಲೆ ಬಿದ್ದರೂ ಪರವಾಗಿಲ್ಲ.

ನಿಮ್ಮ ಮಗಳು

~

ನವೆಂಬರ್ 27

ಮಗಳಿಗೆ,

ಈ ಸಲವೂ ಅಕ್ಷರ ಅವಳದೇ. ಕೆಲಸ ಮುಗಿಯುವತನಕ ಹೀಗೇ ಅಂದುಕೋ. ಅಮ್ಮನ ಫೋಟೋ ತೆಗೆದು ನನ್ನ ಬೀರುವಿನಲ್ಲಿಟ್ಟಿದ್ದೇನೆ.

ಮೊದಲ ಚಕ್ರ ಕೆಟ್ಟಿತು. ಪ್ರೈಮರ್ ಹಿಡಿಯಿತು, ಮೇಲಿನ ಬೆಳ್ಳಿ ಮಾತ್ರ ಬೆಳಗಾಗುವಷ್ಟರಲ್ಲಿ ಮಬ್ಬಾಗಿ ಹೋಗಿತ್ತು. ಸೊಸೆಗೆ ಅಳು ಬರುವುದೊಂದು ಬಾಕಿ. ನಾನು ‘ಹೋಗ್ಲಿ ಬಿಡಮ್ಮ, ಇದು ಚಕ್ರ, ಮದುವೆ ಸೀರೆ ಅಲ್ಲ’ ಅಂದೆ. ಪೂರ್ತಿ ಉಜ್ಜಿ ಮತ್ತೆ ಶುರು ಮಾಡಿದೆವು. ಈಗ ಬಣ್ಣದ ಟಿನ್ನನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು, ಮಧ್ಯಾಹ್ನ ಶೆಡ್ಡಿಗೆ ಬಿಸಿಲು ಬರುವ ಹೊತ್ತಿನಲ್ಲಿ ಮಾತ್ರ, ತೆಳ್ಳಗೆ ಒಂದು ಸುತ್ತು ಹೊಡೆದು, ಕಾದು, ಇನ್ನೊಂದು ಸುತ್ತು. ಟೈರಿಗೆ ಬಣ್ಣ ತಾಗದ ಹಾಗೆ ರಿಮ್ಮಿನ ಸಂದಿಯ ಸುತ್ತ ಇಸ್ಪೀಟು ಎಲೆ ಸಿಕ್ಕಿಸುತ್ತೇವೆ. ನಿನ್ನ ತಮ್ಮ ಜೊತೆಯವರನ್ನು ಕೂರಿಸಿಕೊಂಡು ಆಡುತ್ತಿದ್ದ ಕಟ್ಟು ಕೊನೆಗೂ ಒಂದು ಒಳ್ಳೆ ಕೆಲಸಕ್ಕೆ ಬಂತು.

ನೀನು ಕೇಳಿದೆಯಲ್ಲ, ಹೇಳುತ್ತೇನೆ. ಸೊಸೆ ಶೆಡ್ಡಿನ ಒಳಗೆ ಬರುತ್ತಾಳೆ. ಮುಖಕ್ಕೆ ಒಳ್ಳೆಯ ಮಾಸ್ಕು ಹಾಕಿಸಿದ್ದೇನೆ, ನಮ್ಮ ಕಾಲದ ಕರವಸ್ತ್ರವಲ್ಲ. ಗನ್ನೂ ಹಿಡಿಯುತ್ತಾಳೆ. ಅವಳೂ ಅವಳ ತಾಯಿಯೂ ಬಹಳ ವರ್ಷ ಇಸ್ತ್ರಿ ಅಂಗಡಿ ನಡೆಸಿದವರು, ನಿನಗೆ ಗೊತ್ತು. ಒಂದು ದಿನ ನನ್ನ ಅಂಗಿ ಇಸ್ತ್ರಿ ಮಾಡುವಾಗ ನೋಡಿದೆ. ಪೆಟ್ಟಿಗೆ ಬಟ್ಟೆಯ ಮೇಲೆ ನಿಲ್ಲುವುದೇ ಇಲ್ಲ. ಹೋದ ದಾರಿಯ ಅರ್ಧದ ಮೇಲೆ ಹಾದು ವಾಪಸು ಬರುತ್ತದೆ. ನಾನು ಯಾರಿಗೂ ಕಲಿಸಲಾಗದೆ ಸೋತದ್ದು ಅದೇ. ಅವಳಿಗೆ ಬಂದೇ ಇದೆ.

ನಿನ್ನಿಂದ ಒಂದು ಕೆಲಸ ಆಗಬೇಕು. ಅಂಗಡಿಯಲ್ಲಿ ಬೆಳ್ಳಿ ಅಂತ ಐದು ಥರ ಕೊಡುತ್ತಾರೆ. ನನ್ನ ಕಣ್ಣಿಗೆ ಈಗ ಎಲ್ಲ ಒಂದೇ. ಐದನ್ನೂ ಬಿಳಿ ರಟ್ಟಿನ ಚೂರುಗಳ ಮೇಲೆ ಹೊಡೆದು, ಹಿಂದೆ ನಂಬರು ಹಾಕಿ ಕಳಿಸಿದ್ದೇವೆ. ಹೊಡೆದದ್ದು ನಾವಿಬ್ಬರೂ. ಚಕ್ರದ ನಡುವಿನ ಮುಚ್ಚಳವನ್ನೂ ಇಟ್ಟಿದ್ದೇನೆ. ಅದರ ಒಳಭಾಗ ಬಿಸಿಲು ಕಂಡಿಲ್ಲ, ಮೊದಲಿನ ಬಣ್ಣ ಹಾಗೇ ಇದೆ. ಯಾವುದು ಹೊಂದುತ್ತದೆ ನೋಡಿ ಹೇಳು. ಚೂರುಗಳನ್ನು ಚೆನ್ನಾಗಿ ನೋಡು.

ನಿನ್ನ ಅಪ್ಪ

ಅಕ್ಕ, ಇದು ನಾನು. ಹಾಸಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ, ವಾಸನೆ ಹಿಡಿದಿಲ್ಲ.

~

ಡಿಸೆಂಬರ್ 8

ಅಪ್ಪನಿಗೆ,

ಮೂರನೆಯದು. ಮೂರನೆಯ ಬಣ್ಣವನ್ನೇ ತನ್ನಿರಿ. ಒಂದು, ಎರಡು ತೀರಾ ಬಿಳಿ. ನಾಲ್ಕರಲ್ಲಿ ನೀಲಿ ಇದೆ. ಐದು ಹೊಸ ಪಾತ್ರೆಯ ಹಾಗೆ ಕಿರುಚುತ್ತದೆ. ನಮ್ಮಲ್ಲಿ ಹಲ್ಲಿನ ಬಣ್ಣ ನೋಡುವುದು ಉತ್ತರದ ಕಿಟಕಿಯಲ್ಲಿ, ಬೆಳಗಿನ ಹೊತ್ತು, ಬಿಸಿಲು ನೇರ ಬೀಳದಾಗ. ಹಾಗೇ ನೋಡಿದೆ. ಪಕ್ಕದ ಮೇಜಿನವಳು ‘ಇದ್ಯಾರ ಹಲ್ಲು ಮಾರಾಯ್ತಿ, ರಾಕ್ಷಸನದಾ?’ ಅಂದಳು. ಅಪ್ಪನ ಕೆಲಸ ಅಂದೆ. ಹೇಳುವಾಗ ಖುಷಿಯಾಯಿತು.

ಚೂರುಗಳನ್ನು ಚೆನ್ನಾಗಿ ನೋಡು ಅಂದಿರಿ. ನೋಡಿದೆ. ಬಣ್ಣಕ್ಕಿಂತ ಹೆಚ್ಚಾಗಿ ನೋಡಿದ್ದು ಕೈಯನ್ನು. ಹೊಡೆದದ್ದು ಇಬ್ಬರೂ ಅಂದಿದ್ದಿರಿ, ಯಾರು ಯಾವುದು ಅಂದಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಒಂದು, ಎರಡು, ನಾಲ್ಕು, ಐದು, ಇವು ನಿಮ್ಮವು. ಬಣ್ಣ ಎಲ್ಲೂ ಶುರುವಾಗುವುದಿಲ್ಲ, ಎಲ್ಲೂ ಮುಗಿಯುವುದಿಲ್ಲ, ಸುಮ್ಮನೆ ಇದೆ. ಕಿಟಕಿಯ ಹೊರಗಿನ ಬಕೆಟ್ಟಿನ ಮೇಲೆ ಮತ್ತೆ ನಿಂತ ಹಾಗಾಯಿತು.

ಮೂರನೆಯದು ಅವಳದು. ಬಣ್ಣ ಸರಿ, ಕೈ ಮಾತ್ರ ತಪ್ಪು. ಹಿಂದೆ ಮುಂದೆ ಅಲೆಅಲೆಯಾಗಿ ಹೋಗಿದೆ. ಒಂದು ಕಡೆ ಗನ್ನು ಹತ್ತಿರ ಬಂದು ದಪ್ಪಗೆ ಕೂತು ಇಳಿದಿದೆ, ಇನ್ನೊಂದು ಕಡೆ ರಟ್ಟೇ ಕಾಣುತ್ತದೆ. ಇಸ್ತ್ರಿ ಮಾಡಿದರೆ ಗನ್ನು ಬರುತ್ತದೆ ಅಂತ ಯಾರು ಹೇಳಿದರೋ! ತಮ್ಮನೇ ಇದಕ್ಕಿಂತ ವಾಸಿ, ಆಕಳಿಸಿಕೊಂಡಾದರೂ ನೆಟ್ಟಗೆ ಹೊಡೆಯುತ್ತಿದ್ದ. ಹೀಗೆ ಹೇಳಿದ್ದಕ್ಕೆ ತಪ್ಪು ತಿಳಿಯಬೇಡಿ. ಅವಳು ಒಳ್ಳೆಯವಳು. ಆದರೆ ನಿಮ್ಮ ಕೈ ನಿಮ್ಮದು. ಅದನ್ನು ಹಾಗೆ ಯಾರಿಗೋ ಕೊಡಬೇಡಿ. ಚಕ್ರಗಳನ್ನು ನೀವೇ ಹೊಡೆಯಿರಿ.

ನಿಮ್ಮ ಮಗಳು

~

ಡಿಸೆಂಬರ್ 17

ಮಗಳಿಗೆ,

ನೀನು ಹೇಳಿದ್ದು ಸರಿ. ಮೂರನೆಯ ಚೂರು ಸೊಸೆ ಹೊಡೆದದ್ದು. ಅವಳಿಗೆ ಹೇಳಿದ್ದೇನೆ, ಇನ್ನು ಮೇಲೆ ನೋಡಿಕೊಂಡು ಮಾಡುತ್ತಾಳೆ.

ಮೂರನೆಯ ಬಣ್ಣವನ್ನೇ ತರಿಸಿದೆ. ಒಂದು ಚಕ್ರ ಮುಗಿಯಿತು.

ಥಂಡಿ ಜಾಸ್ತಿಯಾಗಿದೆ. ಬೆಚ್ಚಗಿರು.

ನಿನ್ನ ಅಪ್ಪ

~

ಡಿಸೆಂಬರ್ 28

ತಮ್ಮನ ಹೆಂಡತಿಗೆ,

ಅಪ್ಪನ ಪುಟ್ಟ ಕಾಗದ ಬಂತು. ನಿನ್ನನ್ನು ಗದರಿದರೋ ಏನೋ. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಬಣ್ಣದ ವಿಷಯದಲ್ಲಿ ಅವರು ದೇವರನ್ನೂ ಬಿಟ್ಟವರಲ್ಲ. ನನ್ನ ಕಾಗದದಿಂದ ಹೀಗಾಯಿತು ಅನ್ನುವುದು ನನಗೆ ಗೊತ್ತು. ಆದರೂ ಕಂಡದ್ದನ್ನು ಹೇಳದೆ ಇರಲಾಗಲಿಲ್ಲ. ಕಣ್ಣಿನ ಕೆಲಸ ಮಾಡುವವರ ಕರ್ಮ ಇದು.

ಒಂದು ಮಾತು ಹೇಳುತ್ತೇನೆ, ಅಕ್ಕ ಹೇಳಿದಳು ಅಂತ ಇಟ್ಟುಕೋ. ಗನ್ನು ಹಿಡಿಯಲೇಬೇಕು ಅಂತಿದ್ದರೆ ಸ್ಟೆಪ್ನಿಯ ಮೇಲೆ ಅಭ್ಯಾಸ ಮಾಡು. ಅದು ಡಿಕ್ಕಿಯ ಒಳಗೆ ಮಲಗಿರುತ್ತದೆ, ಹೇಗಿದ್ದರೂ ಯಾರಿಗೂ ಕಾಣುವುದಿಲ್ಲ. ಉಳಿದ ಮೂರನ್ನು ಅವರಿಗೆ ಬಿಡು. ಮನೆಯಲ್ಲಿ ಎಲ್ಲವನ್ನೂ ನೀನೇ ಮಾಡುತ್ತೀಯ, ಅವರ ಅಂಗಿ, ಅವರ ಊಟ, ಈಗ ಅವರ ಕಾಗದ. ಇದೊಂದಾದರೂ ಅವರದಾಗಿ ಇರಲಿ.

ಅವರು ಯಾಕೆ ತಾವೇ ಬರೆಯುತ್ತಿಲ್ಲ? ಇಷ್ಟು ದಿನವಾದರೂ ಬೆರಳಿನ ಥಿನ್ನರ್ ಹೋಗಲಿಲ್ಲವೆ? ನೀನು ‘ಕೊಡಿ ಮಾವ, ನಾನು ಬರೀತೀನಿ’ ಅಂತ ಮುಂದೆ ಬೀಳುತ್ತೀಯೋ ಏನೋ ನನಗೆ ಗೊತ್ತಿಲ್ಲ. ಹಾಗಿದ್ದರೆ ಬೇಡ. ಎರಡೇ ಸಾಲಾದರೂ ಸಾಕು, ಅವರದಿರಲಿ.

ಅಕ್ಕ

~

ಜನವರಿ 5

ಅಕ್ಕನಿಗೆ,

ನಿಮ್ಮ ಕಾಗದವನ್ನು ಮಾವನಿಗೆ ತೋರಿಸಿಲ್ಲ. ನಾನು ಇದನ್ನು ಬರೆಯುತ್ತಿರುವುದೂ ಅವರಿಗೆ ಗೊತ್ತಿಲ್ಲ. ಬರೆಯಬಾರದು ಅಂತ ಎರಡು ದಿನ ಇದ್ದೆ. ಸ್ಟೆಪ್ನಿಯ ಮಾತು ನೋಡಿದ ಮೇಲೆ ಇರಲಾಗಲಿಲ್ಲ.

ಮೂರನೆಯ ಚೂರು ಮಾವನದು. ಉಳಿದ ನಾಲ್ಕು ನನ್ನವು.

ಅವರ ಬಲಗೈ ನಡುಗುತ್ತದೆ. ಹೋದ ಸಲ ನೀವು ಬಂದು ಹೋದ ಮೇಲೆ ಶುರುವಾದದ್ದು. ಲೋಟ ಹಿಡಿದರೆ ಗೊತ್ತಾಗುವುದಿಲ್ಲ, ಎರಡು ಕೈಯಲ್ಲೂ ಹಿಡಿಯುತ್ತಾರೆ. ಪೆನ್ನು, ಗನ್ನು, ಅಂಗಿಯ ಗುಂಡಿ, ಇವು ಆಗುವುದಿಲ್ಲ. ಡಾಕ್ಟರಿಗೆ ತೋರಿಸಿದ್ದೇವೆ, ಮಾತ್ರೆ ನಡೆಯುತ್ತಿದೆ. ಇದಕ್ಕಿಂತ ಕಮ್ಮಿಯಾಗುವುದಿಲ್ಲ ಅಂದಿದ್ದಾರೆ. ‘ಅವಳಿಗೆ ಹೇಳಬೇಡಿ, ಅಲ್ಲಿ ಒಬ್ಬಳೇ ಕೂತು ಒದ್ದಾಡ್ತಾಳೆ’ ಅಂದರು. ನಿಮ್ಮ ತಮ್ಮನೂ ಅದಕ್ಕೇ ಸುಮ್ಮನಿದ್ದಾರೆ.

ಚೂರುಗಳನ್ನು ಹೊಡೆದ ದಿನದ್ದು ಹೇಳುತ್ತೇನೆ. ಎರಡು ನಾನು ಹೊಡೆದೆ. ಮೂರನೆಯ ಟಿನ್ನು ತೆಗೆದಾಗ ಮಾವ ಗನ್ನಿಗೆ ಕೈ ಚಾಚಿದರು. ‘ಇದೊಂದು ನಾನು ಹೊಡೀತೀನಿ ಕೊಡಮ್ಮ’ ಅಂದರು. ಎಡಗೈಯಿಂದ ಬಲಗೈಯ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡು ಹೊಡೆದರು. ಮುಗಿದ ಮೇಲೆ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತರು. ನಾನು, ‘ಮಾವ, ಈ ಬಣ್ಣದ್ದು ಇನ್ನೊಂದು ಹೊಡೆದು ಕಳಿಸೋಣ್ವಾ?’ ಅಂದೆ. ‘ಬೇಡ, ಇದೇ ಇರ್ಲಿ. ಅವಳ ಕಣ್ಣು ಚುರುಕು. ನೋಡಿದ್ರೆ ಅವಳಿಗೇ ಗೊತ್ತಾಗುತ್ತೆ’ ಅಂದರು. ಆ ಕಾಗದದ ಕೊನೆಯಲ್ಲಿ ‘ಚೂರುಗಳನ್ನು ಚೆನ್ನಾಗಿ ನೋಡು’ ಅಂತ ಇತ್ತಲ್ಲ, ಅದನ್ನು ಆಮೇಲೆ ನೆನಪು ಮಾಡಿಕೊಂಡು ಸೇರಿಸಿದ್ದು.

ನಿಮ್ಮ ಉತ್ತರ ಬಂದಾಗ ಶೆಡ್ಡಿನ ಮೆಟ್ಟಿಲ ಮೇಲೆ ಕೂತು ತಾವೇ ಓದಿದರು. ನನಗೆ ಕೊಡಲಿಲ್ಲ, ಜೇಬಿನಲ್ಲಿಟ್ಟುಕೊಂಡರು. ಮಾರನೆಯ ದಿನ ಕೊಟ್ಟು, ‘ಓದಿಕೋ’ ಅಂದರು. ಓದಿದೆ. ‘ಬರೆದುಕೋ’ ಅಂದರು. ‘ನೀನು ಹೇಳಿದ್ದು ಸರಿ, ಮೂರನೆಯ ಚೂರು ಸೊಸೆ ಹೊಡೆದದ್ದು’ ಅಂತ ಹೇಳಿದರು. ನಾನು ತಲೆ ಎತ್ತಿ ನೋಡಲಿಲ್ಲ, ಬರೆದೆ. ನೀವು ಹೊಗಳಿದ ಆ ನೆಟ್ಟಗಿನ ಸಾಲಿನಲ್ಲೇ ಬರೆದೆ. ಕಾಗದ ಮಡಿಸಿಕೊಟ್ಟ ಮೇಲೆ, ‘ಬೇಜಾರಾಯ್ತೇನಮ್ಮ?’ ಅಂದರು. ‘ಇಲ್ಲ ಮಾವ’ ಅಂದೆ.

ಬೇಜಾರಾಗಿತ್ತು. ಆದರೆ ಅವರ ಮೇಲಲ್ಲ.

ಈಗ ಮೂರು ಚಕ್ರ ಮುಗಿದಿವೆ. ಮುಂದಿನ ಎಡಗಡೆಯದು ಬಾಕಿ. ಈ ವಾರ ಹವೆ ಬಹಳ ತೇವ, ಕಾಯುತ್ತಿದ್ದೇವೆ. ನಾನು ಫೆಬ್ರವರಿ ಮೊದಲ ವಾರ ಕೆಲಸಕ್ಕೆ ಸೇರುತ್ತೇನೆ.

ನಿಮ್ಮ ತಮ್ಮನ ಹೆಂಡತಿ

~

ಜನವರಿ 11

ನಿನಗೆ,

ನಿನ್ನ ಕಾಗದವನ್ನು ಪ್ರಯೋಗಾಲಯದಲ್ಲಿ ನಿಂತುಕೊಂಡು ಓದಿದೆ. ಒಲೆಯಲ್ಲಿದ್ದ ಹಲ್ಲು ಹೆಚ್ಚು ಬೆಂದು ಹೋಯಿತು. ಪಕ್ಕದವಳು ಏನಾಯಿತು ಅಂದಳು. ಏನಿಲ್ಲ ಅಂದೆ.

ಅಪ್ಪನ ಕೈಗಾಗಿ ದುಃಖ ಆಗಬೇಕಿತ್ತು. ಆಗುತ್ತದೆ, ಅದು ಎಲ್ಲೂ ಹೋಗುವುದಿಲ್ಲ. ಆದರೆ ಮೊದಲು ಆದದ್ದು ಬೇರೆ. ಅದನ್ನು ನಿನಗೇ ಹೇಳಬೇಕು, ಬೇರೆ ಯಾರಿಗೂ ಹೇಳಲಾಗುವುದಿಲ್ಲ. ನನಗೆ ನಿನ್ನ ಮೇಲೆ ಹೊಟ್ಟೆ ಉರಿಯಿತು. ನೀನು ಚೆನ್ನಾಗಿ ಹೊಡೆಯುತ್ತೀಯ ಅಂತ ಅಲ್ಲ. ಅದೂ ಉರಿಯುವಂಥದ್ದೇ. ಆ ನಾಲ್ಕು ಚೂರುಗಳನ್ನು ಅಪ್ಪನವೆಂದು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡು ದಿನಾ ತೆಗೆದು ನೋಡುತ್ತಿದ್ದೆ. ಈಗ ಡ್ರಾಯರು ತೆರೆಯಲು ಮನಸ್ಸಾಗುವುದಿಲ್ಲ. ಆದರೆ ಉರಿದದ್ದು ಅದಕ್ಕಲ್ಲ. ಅವರು ನಿನ್ನ ಎದುರು ನಡುಗಿದರಲ್ಲ, ಅದಕ್ಕೆ. ನನ್ನ ಎದುರು ಅಪ್ಪನ ಕೈ ಯಾವತ್ತೂ ನೆಟ್ಟಗಿತ್ತು. ನಾನು ಅದನ್ನೇ ಪ್ರೀತಿ ಅಂದುಕೊಂಡಿದ್ದೆ. ಅವರು ಗುಂಡಿ ಹಾಕಿಕೊಳ್ಳಲಾಗದೆ ನಿಂತಾಗ ನೀನು ಮುಂದೆ ಬಂದು ಹಾಕುತ್ತೀಯ. ಅವರು ಬಿಡುತ್ತಾರೆ. ಆ ಬಿಡುವುದು ಇದೆಯಲ್ಲ, ಅದು ನನಗೆ ಸಿಗಲಿಲ್ಲ.

ಅವರು ಕೊನೆಗೆ ಒಂದು ಚೂರು ರಟ್ಟಿನ ಮೇಲೆ ನನಗೆ ಹೇಳಿ ಕಳಿಸಿದರು. ಜಗತ್ತಿನಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ ಅಂತ ನಂಬಿ ಕಳಿಸಿದರು. ನಾನು ಅದನ್ನು ಉತ್ತರದ ಕಿಟಕಿಯಲ್ಲಿ ಹಿಡಿದು, ನಿನ್ನನ್ನು ಆಡಿಕೊಂಡೆ. ನಿನ್ನ ಮೇಲಿನ ಹೊಟ್ಟೆಕಿಚ್ಚಿನ ಕಣ್ಣಿನಿಂದ ನೋಡಿದೆ, ಅದಕ್ಕೇ ಕಾಣಲಿಲ್ಲ.

ರಜೆ ಕೇಳಿದ್ದೇನೆ. ಇಪ್ಪತ್ತನೇ ತಾರೀಖಿನ ಹೊತ್ತಿಗೆ ಬರುತ್ತೇನೆ. ಅಪ್ಪನಿಗೆ ಸುಮ್ಮನೆ ಬರುತ್ತಿದ್ದಾಳೆ ಅಂತ ಹೇಳು. ನಾಲ್ಕನೆಯ ಚಕ್ರ ಮುಟ್ಟಬೇಡ. ಅವರು ಹೇಳಿದರೂ ಹವೆ ಸರಿಯಿಲ್ಲ ಅನ್ನು, ತಲೆನೋವು ಅನ್ನು. ಅದು ನನಗೆ ಬೇಕು. ಸ್ಟೆಪ್ನಿಯನ್ನು ನನ್ನ ಕೈಗೆ ಕೊಡುವ ಯೋಚನೆ ನಿನಗೆ ಬಂದಿದ್ದರೆ ಬರಲಿ, ಬರಬೇಕಾದ್ದೇ, ಆದರೆ ಬೇಡ. ಡಿಕ್ಕಿಯಲ್ಲಿ ಮಲಗುವ ಚಕ್ರ ನನಗೆ ಬೇಡ.

ಅಕ್ಕ

~

ಫೆಬ್ರವರಿ 9

ಅಕ್ಕನಿಗೆ,

ನೀವು ಹೋದ ಮೇಲೆ ಬರೆಯಬೇಕು ಅಂತಿದ್ದೆ, ಕೆಲಸ ಶುರುವಾಯಿತು, ಆಗಲಿಲ್ಲ. ನಿಮ್ಮ ಮಂಚ ಮೊದಲಿನ ಜಾಗಕ್ಕೆ ಇಳಿಸಿದ್ದೇವೆ. ಮಾವ ಚೆನ್ನಾಗಿದ್ದಾರೆ.

ಹೋದ ಕಾಗದದಲ್ಲಿ ನೀವು ಮುಚ್ಚಿಡದೆ ಬರೆದಿರಿ. ನಾನೂ ಹಾಗೇ ಬರೆಯುತ್ತೇನೆ, ಬೈದುಕೊಳ್ಳಬೇಡಿ.

ನಾಲ್ಕನೆಯ ಚಕ್ರ ಹೊಡೆದ ದಿನ ನೀವೂ ಮಾವನೂ ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಂಡಿರಿ. ನಾನು ಅಡುಗೆಮನೆಯಲ್ಲಿದ್ದೆ. ಕಂಪ್ರೆಸರಿನ ಸದ್ದಿಗೆ ಮಾವ ಕೂಗಿ ಮಾತಾಡುತ್ತಿದ್ದರು, ಎಲ್ಲ ಕೇಳಿಸುತ್ತಿತ್ತು. ‘ಕತ್ತೆ, ಕಣ್ಣು ಎಲ್ಲಿಟ್ಟಿದ್ದೀ! ಚಕ್ರಕ್ಕೆ ಹೊಡೀ ಅಂದ್ರೆ ನನ್ನ ಚಪ್ಪಲಿಗೆ ಹೊಡೀತಿದ್ದೀಯ!’ ‘ಹತ್ರ ಹೋಗ್ಬೇಡ ಅಂದೆ ತಾನೆ, ಇದೇನು ಹಲ್ಲಾ? ಬಾಯೊಳಗೆ ಬಗ್ಗಿ ನೋಡ್ತೀಯಲ್ಲ!’ ‘ಯಾರು ಕಲ್ಸಿದ್ರು ನಿಂಗೆ ಹೀಗೆ?’ ಅದಕ್ಕೆ ನೀವು, ‘ಯಾರೂ ಕಲಿಸ್ಲಿಲ್ಲಪ್ಪ, ಅದೇ ತಾನೆ ಗೋಳು!’ ಅಂತ ಕಿರುಚಿದಿರಿ. ಅವರಿಗೆ ಕೇಳಿಸಿತು. ಯಾಕೆಂದರೆ ಆಮೇಲೆ ‘ಕೈ ಕೊಡು ಇಲ್ಲಿ’ ಅಂದರು.

ಅಕ್ಕ, ನನ್ನನ್ನು ಅವರು ಒಂದು ಸಲವೂ ಬೈದಿಲ್ಲ. ಮೊದಲ ಚಕ್ರ ಪೂರ್ತಿ ಕೆಟ್ಟಾಗಲೂ ‘ಹೋಗ್ಲಿ ಬಿಡಮ್ಮ’. ಟಿನ್ನು ಮಗುಚಿ ಹಾಕಿದಾಗಲೂ ‘ಪರವಾಗಿಲ್ಲಮ್ಮ’. ಇಷ್ಟು ದಿನ ಅದನ್ನು ನನ್ನ ಭಾಗ್ಯ ಅಂದುಕೊಂಡಿದ್ದೆ. ನನ್ನ ತಾಯಿಗೆ ಫೋನು ಮಾಡಿದಾಗೆಲ್ಲ, ನಮ್ಮ ಮಾವ ಬೈಯುವವರೇ ಅಲ್ಲ ಅಂತ ಹೇಳಿಕೊಂಡು ಬಂದೆ. ಅವತ್ತು ಅಡುಗೆಮನೆಯಲ್ಲಿ ನಿಂತು ಗೊತ್ತಾಯಿತು, ಬೈಯದೆ ಇರುವುದು ನೆಂಟರನ್ನು.

ಚಹಾ ತಂದು ಬಾಗಿಲು ನೂಕಿದೆ. ನೀವು ನೋಡಲಿಲ್ಲ, ನಿಮ್ಮ ಬೆನ್ನು ಈ ಕಡೆಗಿತ್ತು. ಮಾವ ನಿಮ್ಮ ಹಿಂದೆ ನಿಂತು ನಿಮ್ಮ ಮಣಿಕಟ್ಟು ಹಿಡಿದಿದ್ದರು. ನನಗೆ ಕಲಿಸುವಾಗ ಎದುರಿಗೆ ನಿಂತು ಒಂದು ಕಡ್ಡಿಯಿಂದ ತೋರಿಸುತ್ತಿದ್ದರು, ಇಲ್ಲಿಂದ ಇಲ್ಲಿಗೆ ಅಂತ. ಅವರ ಕೈ ನಡುಗುತ್ತಿತ್ತು, ಅದರೊಳಗೆ ನಿಮ್ಮದು, ಅದರೊಳಗೆ ಗನ್ನು. ಬಣ್ಣ ಅಲೆಅಲೆಯಾಗಿ ಕೂರುತ್ತಿರುವುದು ಬಾಗಿಲಲ್ಲಿದ್ದ ನನಗೇ ಕಾಣುತ್ತಿತ್ತು. ಪಕ್ಕದಲ್ಲಿದ್ದ ನಿಮಗೆ ಕಾಣದೆ ಇರುತ್ತದೆಯೆ? ನೀವು ಕೈ ಬಿಡಿಸಿಕೊಳ್ಳಲಿಲ್ಲ. ಚಹಾ ವಾಪಸು ತಂದು ಆರಲು ಬಿಟ್ಟೆ.

ಇನ್ನು ನೀವು ಹೋದ ಮೇಲಿನದ್ದು. ಎರಡು ದಿನ ಬಿಟ್ಟು ನಿಮ್ಮ ತಮ್ಮ ಆ ಚಕ್ರ ಹಾಕಿದರು. ನಾನು ಪಾನಾ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದೆ. ಅವರು ಎದ್ದು ನಿಂತು, ಹಿಂದೆ ಹೋಗಿ ನೋಡಿ, ‘ಅಯ್ಯೋ, ಇದೇನಿದು ಹೊಳೇಲಿ ಅಲೆ ಎದ್ದ ಹಾಗೆ! ಇದ್ಯಾರ ಕೆಲ್ಸ?’ ಅಂದರು. ನನ್ನ ಕಡೆ ನೋಡಿದರು. ನನಗೆ ಅಭ್ಯಾಸವಾಗಿತ್ತಲ್ಲ, ‘ನಂದು’ ಅನ್ನಲು ಬಾಯಿ ತೆರೆದೆ. ಮಾವ ಕುರ್ಚಿಯಲ್ಲಿ ಕೂತಿದ್ದರು. ‘ನಂದು’ ಅಂದರು. ‘ನನ್ನ ಕೈ ನಡುಗುತ್ತಲ್ಲೋ, ಹಾಗೆ ಬಂತು.’ ನಿಮ್ಮ ತಮ್ಮ ಬಗ್ಗಿ ನಟ್ಟು ಬಿಗಿಯುವ ಹಾಗೆ ಮಾಡಿದರು. ಆ ಮಾತನ್ನು ಮಾವನ ಬಾಯಲ್ಲಿ ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ನನಗೆ ಅದು ಒಳ್ಳೆಯದೇ ಅನ್ನಿಸಬೇಕು. ಅನ್ನಿಸುತ್ತದೆ. ಆದರೆ ಅವತ್ತು ನನಗೆ ಊಟ ಸೇರಲಿಲ್ಲ. ಮೂರನೆಯ ಚೂರನ್ನು ಅವರು ನನ್ನ ತಲೆಗೆ ಕಟ್ಟಿದರು, ಇದನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡರು. ನಾನು ಮೂರು ಚಕ್ರ ಹೊಡೆದಿದ್ದೇನೆ, ಅಕ್ಕ. ಕೂದಲೆಳೆಯಷ್ಟೂ ಏರಿಳಿತ ಇಲ್ಲ. ಅದನ್ನು ಯಾರೂ ನಿಂತು ನೋಡುವುದಿಲ್ಲ, ನೋಡುವುದಕ್ಕೆ ಅದರಲ್ಲಿ ಏನೂ ಇಲ್ಲ. ಬಂದವರೆಲ್ಲ ಮುಂದಿನ ಎಡಗಡೆಗೆ ಹೋಗಿ ನಿಲ್ಲುತ್ತಾರೆ. ಮಾವನೂ ಬೆಳಿಗ್ಗೆ ಎರಡು ಕೈಯಲ್ಲಿ ಲೋಟ ಹಿಡಿದು ಅಲ್ಲೇ ನಿಂತಿರುತ್ತಾರೆ. ಮೊನ್ನೆ ಕೇಳಿದೆ, ‘ಮಾವ, ಹವೆ ಬೆಚ್ಚಗಾಗ್ತಿದೆ, ಅದನ್ನು ಉಜ್ಜಿ ಇನ್ನೊಂದು ಸಲ ಹೊಡೆದುಬಿಡ್ಲಾ?’

‘ಮುಟ್ಬೇಡ’ ಅಂದರು. ‘ಅಮ್ಮ’ ಅನ್ನಲಿಲ್ಲ.

ಈಗ ಕಾರು ದಿನಾ ನಾನೇ ಓಡಿಸುತ್ತೇನೆ. ಹೋಟೆಲಿನ ಹಿಂದುಗಡೆ ನಮಗೆ ಗಾಡಿ ನಿಲ್ಲಿಸಲು ಜಾಗ ಕೊಟ್ಟಿದ್ದಾರೆ, ಒಂದು ಪಕ್ಕ ಉದ್ದಕ್ಕೂ ಗೋಡೆ. ಬೇರೆಯವರೆಲ್ಲ ನೇರ ಒಳಗೆ ನುಗ್ಗಿಸಿ ನಿಲ್ಲಿಸುತ್ತಾರೆ. ನಾನು ಹಿಂದೆ ಮುಂದೆ ಮಾಡಿ, ಒಂದಿಷ್ಟು ಹೊತ್ತು ಹೋದರೂ ಸರಿ, ನಿಮ್ಮ ಚಕ್ರ ಗೋಡೆಯ ಕಡೆಗೆ, ನನ್ನವೆರಡು ಜನರ ಕಡೆಗೆ ಬರುವ ಹಾಗೆ ನಿಲ್ಲಿಸುತ್ತೇನೆ.

ನಿಮ್ಮ ತಮ್ಮನ ಹೆಂಡತಿ